ಕೊಡ ಉರುಳಿದ ನಗು

ತನಗೆ ನಗು ಬರುವುದೇ ನಿಂತುಹೋಗಿದೆಯೇನೋ ಎಂಬ ಅನುಮಾನ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಯಾರಿಗೆ ಹೇಳುವುದು? ಹೇಳಿದರೆ ಕೇಳಿದವರು ನಗುತ್ತಾರೆ. ಅವರು ನಕ್ಕಾಗ ತಾನೂ ನಗಬೇಕಾಗುತ್ತದೆ.

ಅವಳ ಕೆಲಸವೇ ನಗು ಅಂಟಿಸುವುದು. ಮನೆಮನೆಗೂ ಗೊತ್ತಿರುವ ಮನರಂಜನಾ ಕಂಪನಿ, ಅದರ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಟಿವಿಯ ಹಾಸ್ಯ ಧಾರಾವಾಹಿಯಲ್ಲಿ ಯಾರೋ ಜೋಕು ಹೇಳಿದ ಕೂಡಲೇ ಜನ ಗೊಳ್ಳೆಂದು ನಗುತ್ತಾರಲ್ಲ, ಆ ಜನ ಅಲ್ಲಿರುವುದೇ ಇಲ್ಲ. ಮೊದಲೇ ಧ್ವನಿಮುದ್ರಿಸಿಟ್ಟ ನಗುಗಳಲ್ಲಿ ಒಂದನ್ನು ಹುಡುಕಿ ಅವಳೇ ಅಲ್ಲಿ ಕೂರಿಸಬೇಕು. ಮುಸಿನಗು, ಕಿಸಕ್ಕೆನ್ನುವುದು, ಹೊಟ್ಟೆ ಹಿಡಿದುಕೊಂಡು ನಗುವುದು, ಎಲ್ಲಕ್ಕೂ ಒಂದೊಂದು ಹೆಸರು. ಅವುಗಳಲ್ಲೆಲ್ಲ ಬೇಡಿಕೆ ಜಾಸ್ತಿ ‘ಕೊಡ ಉರುಳಿದ್ದು’ ಎಂಬುದಕ್ಕೆ. ಮೆಟ್ಟಿಲ ಮೇಲಿಂದ ಖಾಲಿ ಕೊಡ ಉರುಳಿಬಂದಂಥ ನಗು.

ಅದು ಅವಳ ಅಮ್ಮನದು. ಸಿಬ್ಬಂದಿಯ ಮನೆಯವರನ್ನೆಲ್ಲ ಕರೆದು ಒಂದು ಪ್ರಹಸನ ತೋರಿಸಿದ ದಿನ, ತಲೆಯ ಮೇಲೆ ತೂಗುತ್ತಿದ್ದ ಮೈಕುಗಳು ಅದನ್ನು ಹಿಡಿದಿಟ್ಟುಕೊಂಡಿದ್ದವು. ಆಫೀಸಿನಲ್ಲಿ ಈ ಸಂಗತಿ ಅವಳೊಬ್ಬಳಿಗೆ ಗೊತ್ತು. ಮನೆಯ ಬೀದಿಯಲ್ಲಾದರೋ ಗೊತ್ತಿಲ್ಲದವರಿಲ್ಲ. “ಬನ್ರೇ ಬನ್ರೇ, ನಾನು ನಕ್ಕೆ!” ಎಂದು ಅಮ್ಮ ಅಕ್ಕಪಕ್ಕದವರನ್ನು ಕೂಗಿ ಟಿವಿಯ ಮುಂದೆ ಕೂರಿಸುತ್ತಿದ್ದಳು. ಅಪ್ಪ ಬಿಟ್ಟುಹೋದ ಮೇಲೆ ಹೊಲಿಗೆ ಮೆಷಿನ್ನಿಗೆ ಬಾಗಿದ ಬೆನ್ನು ಆಗ ಮಾತ್ರ ನೆಟ್ಟಗಾಗುತ್ತಿತ್ತು.

ಅಂದು ಅವಳ ಕೆಲಸ ಕಾಯಂ ಆಗುವ ದಿನ. ಮಧ್ಯಾಹ್ನ ವಿಭಾಗದ ಮುಖ್ಯಸ್ಥರು ಪಕ್ಕದಲ್ಲೇ ಕೂತು ಒಂದು ಕಂತು ನೋಡುತ್ತಾರೆ. ಮೆಚ್ಚಿದರೆ ಆಯಿತು.

“ಏನ್ ಮಗಾ, ಮುಖ ಹಿಂಡಿದ ಬಟ್ಟೆ ಥರ ಮಾಡ್ಕೊಂಡಿದೀಯ?” ಎಂದ ಪಕ್ಕದ ಕುರ್ಚಿಯ ಧ್ವನಿ ಜೋಡಿಸುವವನು. ತಲೆ ಬೇಗ ನೆರೆತದ್ದರಿಂದ ಎಲ್ಲರೂ ಅವನನ್ನು ತಾತ ಎನ್ನುತ್ತಿದ್ದರು.

“ತಾತ, ಇಲ್ಲೇ ಇದ್ಬಿಡ್ಲಾ? ಒಳ್ಳೇದಾ, ಕೆಟ್ಟದ್ದಾ?”

“ಕಂಪನಿ ದೊಡ್ಡ ಛತ್ರಿ ಕಣೇ. ಮಳೆ ತಾಗಲ್ಲ, ಬಿಸಿಲು ತಾಗಲ್ಲ. ಹಿಡಿ ಮಾತ್ರ ನಿನ್ ಕೈಲಿರಲ್ಲ. ಅವರು ಎಡಕ್ಕೆ ತಿರುಗಿದ್ರೆ ನೀನೂ ಎಡಕ್ಕೆ.”

“ಅಂದ್ರೆ ಇರ್ಲಾ, ಬೇಡ್ವಾ?”

“ನಂಗೇನ್ ಗೊತ್ತು? ನಾನಿನ್ನೂ ಒಳಗೇ ಇದೀನಿ!”

ಅವಳ ತಲೆ ಇನ್ನಷ್ಟು ಗೋಜಲಾಯಿತು. ಸಂಬಳ ತಪ್ಪುವುದಿಲ್ಲ. ಚಿಕ್ಕಮ್ಮ ನೆಂಟರ ಮುಂದೆ “ನಮ್ಮುಡುಗಿ ಟಿವಿಯೋಳು” ಎನ್ನುತ್ತಾಳೆ. ಅಮ್ಮನ ಕಣ್ಣಿಗೆ ಬಿಡುವು ಸಿಗುತ್ತದೆ. ಮತ್ತೇನು ಬೇಕು? ಅದೇ ಗೊತ್ತಾಗುತ್ತಿರಲಿಲ್ಲ.

ಮುಖ್ಯಸ್ಥರು ಬಂದರು. ಒಳ್ಳೆಯ ಮನುಷ್ಯ, ಬರುವಾಗ ಅವಳಿಗೂ ಒಂದು ಲೋಟ ಕಾಫಿ ತಂದಿದ್ದರು. ಕಂತು ಶುರುವಾಯಿತು. ಅವಳು ಕೂರಿಸಿದ ನಗುಗಳಿಗೆ ಅವರು ತಲೆದೂಗುತ್ತಾ ಹೋದರು. ತೆರೆಯ ಮೇಲೆ ಗಂಡ ಬಿಟ್ಟುಹೋದ ಒಬ್ಬ ದರ್ಜಿ ಹೆಂಗಸು. ನೆರೆಯವನು ಕೇಳುತ್ತಾನೆ: “ಅಳತೆ ತಪ್ಪಿದ ಬಟ್ಟೆ ವಾಪಸ್ ಬರುತ್ತೆ. ನಿನ್ ಗಂಡ ಯಾಕಮ್ಮಾ ವಾಪಸ್ ಬರ್ಲಿಲ್ಲ?”

ಅಲ್ಲಿ ಮೌನ. ಅವಳು ಯಾವ ನಗುವನ್ನೂ ಕೂರಿಸಿರಲಿಲ್ಲ.

“ಇಲ್ಲೇ ಬಿಟ್ಬಿಟ್ಟಿದೀಯಲ್ಲಮ್ಮ! ‘ಕೊಡ ಉರುಳಿದ್ದು’ ಹಾಕು. ಮಸ್ತಾಗಿರುತ್ತೆ.”

ಬೆರಳು ಗುಂಡಿಯ ಮೇಲೆ ನಿಂತಿತು. ಈ ಕಂತು ಬಂದಾಗಲೂ ಅಮ್ಮ ಬೀದಿಯವರನ್ನು ಕರೆಯುತ್ತಾಳೆ. ಅವರೆಲ್ಲರ ಮುಂದೆ, ಟಿವಿಯೊಳಗಿಂದ, ತನ್ನದೇ ಪಾಡನ್ನು ಕಂಡು ತಾನೇ ನಗುತ್ತಾಳೆ. ನೊಂದುಕೊಳ್ಳುತ್ತಾಳೋ? ಅಥವಾ ‘ನಾನು ನಕ್ಕೆ!’ ಎಂದು ಅಂದೂ ಹಿಗ್ಗುತ್ತಾಳೋ? ಯಾವುದು ಹೆಚ್ಚು ಭಯ ಹುಟ್ಟಿಸಿತೆಂದು ಅವಳಿಗೇ ತಿಳಿಯಲಿಲ್ಲ. ಒತ್ತಿದರೆ ಕೆಲಸ ಕಾಯಂ. ಒಂದೇ ಒಂದು ಗುಂಡಿ.

“ಏನಮ್ಮ, ಸಿಸ್ಟಮ್ ನಿಂತೋಯ್ತಾ?”

ತಾತ ಹೆಡ್‌ಫೋನು ಕೆಳಗಿಳಿಸಿ ಇತ್ತ ತಿರುಗಿದ. ಅವಳು ಬೆರಳನ್ನು ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಂಡಳು.

“ಸರ್,” ಎಂದಳು, “ಇದಕ್ಕೆ ನಂಗೆ ನಗು ಬರ್ತಿಲ್ಲ.”