ಆಟಕ್ಕೆ ಸಾಕೆಂದು ಕೊಟ್ಟ ಟೆಸ್ಟರ್

ನಾನು ಒಂದು ಟೆಸ್ಟರ್. ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸ. ಮುಂದೆ ಉಕ್ಕಿನ ಮೂತಿ, ಹಿಂದೆ ಹಳದಿ ಪ್ಲಾಸ್ಟಿಕ್ ಮೈ, ಅದರೊಳಗೆ ಕಡಲೆಕಾಳಿನಷ್ಟು ಬಲ್ಬು. ಮೂತಿಯನ್ನು ತಂತಿಗೆ ತಾಗಿಸಿ ನನ್ನ ತಲೆಯ ಮೇಲೆ ಬೆರಳಿಟ್ಟರೆ, ಕರೆಂಟಿದ್ದಾಗ ಬಲ್ಬು ಹೊತ್ತಿಕೊಳ್ಳುತ್ತದೆ. ಇಲ್ಲದಿದ್ದರೆ ಸುಮ್ಮನಿರುತ್ತದೆ. ನನಗೆ ಬೇರೆ ಬಾಯಿಲ್ಲ. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದ ಹೆಂಗಸು ಒಮ್ಮೆ ಬೆಳಗಿಸಿ ನೋಡಿ ಡಬ್ಬಿಗೆ ಹಾಕಿದಳು. ಅವತ್ತು ನನಗಿದ್ದ ಜಂಬ ಅಷ್ಟಿಷ್ಟಲ್ಲ.

ಗದಗಿನ ವೈರ್‌ಮನ್ ಈರಣ್ಣ ನನ್ನನ್ನು ಕೊಂಡು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡ. ಅವನ ಗದ್ದ, ಅದರ ಮೇಲೆ ಎಲೆಯಡಿಕೆ ಮೆಲ್ಲುವ ಬಾಯಿ, ಇಷ್ಟೇ ನನಗೆ ಕಾಣುತ್ತಿದ್ದ ಈರಣ್ಣ. ಒಂದು ದಿನ ಅವನು ಏಣಿಯ ಮೇಲಿಂದ ಬಗ್ಗಿದಾಗ ನಾನು ಜಾರಿ ಕಲ್ಲಿನ ಮೇಲೆ ಬಿದ್ದೆ. ಬಲ್ಬಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತು. ಆಮೇಲೆ ಒಮ್ಮೆ ಹೊತ್ತಿಕೊಂಡರೆ ಇನ್ನೊಮ್ಮೆ ಇಲ್ಲ. ನನ್ನನ್ನು ನಂಬಿ ತಂತಿ ಮುಟ್ಟಿದ ಈರಣ್ಣನ ಕೈ ಜುಮ್ಮೆಂದಿತು. ಮರುದಿನವೇ ಅವನು ಹೊಸ ಟೆಸ್ಟರ್ ತಂದ.

ಅವತ್ತೇ ನನ್ನನ್ನು ಎಸೆಯಬೇಕಿತ್ತು. ಆದರೆ ನಮ್ಮ ಜನಕ್ಕೆ ಎಸೆಯಲು ಮನಸ್ಸು ಬರುವುದಿಲ್ಲ. ಹಿಡಿ ಮುರಿದ ಇಕ್ಕಳವಿರಲಿ, ನಿಂತುಹೋದ ಗಡಿಯಾರವಿರಲಿ, ಅದಕ್ಕೊಂದು ಮಗುವನ್ನು ಹುಡುಕಿಬಿಡುತ್ತಾರೆ.

ಈರಣ್ಣನ ತಂಗಿ ನೀಲಾಂಬಿಕೆಗೆ ವಿಭಾ ಎಂಬ ಮಗಳಿದ್ದಳು. ಬೇರೆ ಮನೆಗಳಲ್ಲಿ ಮುಟ್ಟಬೇಡ ಎಂದು ಗದರುವ ಜಾಗದಲ್ಲಿ ಈ ತಾಯಿ ಬಿಚ್ಚಿ ನೋಡು ಎನ್ನುತ್ತಿದ್ದಳು. ಟಿವಿಯ ಕೆಳಗಿನ ಇಡೀ ಕಪಾಟು ಮಗಳದೇ. ಹಳೆಯ ರೇಡಿಯೋ, ಟಾರ್ಚು, ರಟ್ಟಿನಲ್ಲಿ ಅವಳೇ ಮಾಡಿದ ಸೇತುವೆ ಅಲ್ಲಿದ್ದವು. ಈರಣ್ಣ ನನ್ನನ್ನು ಪ್ಲಗ್ಗಿಗೆ ಚುಚ್ಚಿ ತೋರಿಸಿದ. ಹಾಳಾದ್ದು, ಅವತ್ತು ನಾನು ಚೆನ್ನಾಗಿ ಹೊತ್ತಿಕೊಂಡೆ.

"ತಗೋ, ಹುಡುಗಿ ಆಡಾಕ ಆತು," ಎಂದ.

ವಿಭಾ ನನ್ನನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. ಅಷ್ಟು ಪ್ರೀತಿಯಿಂದ ಯಾರೂ ನನ್ನನ್ನು ಇಟ್ಟುಕೊಂಡಿರಲಿಲ್ಲ. ಅವಳ ಬೆರಳು ತಲೆಯ ಮೇಲೆ ಬಿದ್ದಾಗಲೆಲ್ಲ ನನಗೆ ಹೆದರಿಕೆ.

ಆ ದಿನಗಳಲ್ಲೇ ಮನೆಗೊಂದು ಚಿಕ್ಕ ತೂಕದ ಯಂತ್ರ ಬಂತು. ನೀಲಾಂಬಿಕೆ ಹಿಟ್ಟು ತೂಗುವ ಮೊದಲು ಒಡೆಯದ ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಅದರ ಮೇಲಿಟ್ಟಳು. "ಅಳಿಯೂದನ್ನೂ ಒಮ್ಮೆ ಅಳದು ನೋಡಬೇಕವಾ," ಎಂದಳು. ವಿಭಾ ತಲೆಯಾಡಿಸಿದಳು.

ಒಂದು ಭಾನುವಾರ ವಿಭಾ ತಾನೇ ಮಾಡಿದ ರಟ್ಟಿನ ಲ್ಯಾಂಪ್‌ಶೇಡನ್ನು ಗೋಡೆಯ ದೀಪಕ್ಕೆ ಕೂರಿಸಲು ಹೊರಟಳು. ಸ್ವಿಚ್ ಆರಿಸಿದಳು, ದೀಪ ಆರಿತು. ಆದರೆ ಮನೆ ಕಟ್ಟಿದಾಗ ಯಾರೋ ವೈರು ಅದಲುಬದಲು ಮಾಡಿದ್ದರು. ಸ್ವಿಚ್ ಆರಿದರೂ ಹೋಲ್ಡರಿನಲ್ಲಿ ಕರೆಂಟು ಉಳಿದೇ ಇತ್ತು. ಅವಳು ಸ್ಟೂಲು ಹತ್ತಿ ಹೋಲ್ಡರ್ ಬಿಚ್ಚಿ, ಅದರ ತಂತಿಗೆ ನನ್ನನ್ನು ತಾಗಿಸಿದಳು. ಕರೆಂಟು ನನ್ನ ಮೂತಿಗೆ ಬಂದು ನಿಂತಿತು. ಬಲ್ಬು ಹೊತ್ತಲಿಲ್ಲ. ನಾನು ಕೂಗಿಕೊಂಡೆ, ಕೇಳಿಸುವುದು ಯಾರಿಗೆ?

ಅವಳ ಬೆರಳು ತಂತಿಯ ಹತ್ತಿರ ಹೋಗಿ ನಿಂತಿತು. ಏನೋ ನೆನಪಾದಂತೆ ಅವಳು ಸ್ಟೂಲಿನಿಂದ ಇಳಿದಳು. ಮೊಬೈಲ್ ಚಾರ್ಜಿಗಿಟ್ಟಿದ್ದ ಪ್ಲಗ್ ಕಿತ್ತು ಅಲ್ಲಿಗೆ ನನ್ನನ್ನು ಚುಚ್ಚಿದಳು. ಅಲ್ಲೂ ಕತ್ತಲೆ.

"ಅವ್ವಾ, ಈಗಷ್ಟ ಮೊಬೈಲ್ ಚಾರ್ಜ್ ಆಗಾಕತ್ತಿತ್ತು. ಇದು ಕರೆಂಟಿಲ್ಲ ಅನ್ನಾಕತ್ತೈತಿ."

ನೀಲಾಂಬಿಕೆ ಹಿಟ್ಟಿನ ಕೈಯಲ್ಲೇ ಅಣ್ಣನಿಗೆ ಫೋನ್ ಮಾಡಿದಳು. ಈರಣ್ಣ ಓಡಿ ಬಂದು ತನ್ನ ಹೊಸ ಟೆಸ್ಟರನ್ನು ಗೋಡೆಯ ದೀಪದ ತಂತಿಗೆ ತಾಗಿಸಿದ. ಅದು ಕೆಂಪಗೆ ಹೊತ್ತಿಕೊಂಡಿತು. ಅವನು ಅದನ್ನೇ ವಿಭಾಳ ಕೈಗಿಟ್ಟು ಮುಖ ತಿರುಗಿಸಿಕೊಂಡ.

ನನ್ನನ್ನು ಕಲ್ಲಿನಿಂದ ಜಜ್ಜುತ್ತೇನೆಂದು ವಿಭಾ ಹಟ ಹಿಡಿದಳು. ಸ್ಕ್ರೂ ತಿರುಗಿಸಲಿಕ್ಕಾದರೂ ಬರುತ್ತದೆ ಎಂದು ದೊಡ್ಡವರು ಬಿಡಿಸಿದರು. ಡಬ್ಬಿಯಲ್ಲಿ ಬಿದ್ದುಕೊಂಡಿದ್ದೆ. ಒಂದು ದಿನ ಹಳೆಯ ಸಾಮಾನಿನ ಜೊತೆ ಗುಜರಿಯವನ ಗಾಡಿ ಸೇರಿದೆ. ಅವನೂ ಒಳ್ಳೆಯವನೇ. ಮನೆಯಲ್ಲಿ ಚೀಲ ಸುರುವಿ, ನನ್ನನ್ನು ಅಂಗಿಗೆ ಒರೆಸಿ, ತನ್ನ ಮಗಳನ್ನು ಕರೆದ.

"ತಗೋ, ಆಡಾಕ ಆತು."

ಈ ಹುಡುಗಿಯ ಕಣ್ಣೂ ವಿಭಾಳ ಕಣ್ಣಿನಂತೆಯೇ, ಎಲ್ಲವನ್ನೂ ಬಿಚ್ಚಿ ನೋಡಬೇಕೆನ್ನುತ್ತದೆ. ಅವರ ಗೋಡೆಯ ಬೋರ್ಡಿನಿಂದ ಒಂದು ತಂತಿ ಹೊರಬಂದಿದೆ. ನಾನು ಬಂದಾಗಿನಿಂದ ಅವಳು ಅದನ್ನೇ ನೋಡುತ್ತಿದ್ದಳು. ಇವತ್ತು ಸ್ಟೂಲು ಎಳೆದುಕೊಂಡು ಹತ್ತಿದ್ದಾಳೆ. ಇವಳಿಗೆ ಯಾರಾದರೂ ಉಪ್ಪಿನ ಪ್ಯಾಕೆಟ್ ತೂಗಿ ತೋರಿಸಿದ್ದಾರೋ ಇಲ್ಲವೋ ನನಗೆ ತಿಳಿಯದು. ನನ್ನ ಮೂತಿ ತಂತಿಗೆ ತಾಗಿದೆ. ಕರೆಂಟು ಇದೆ.

ಅವಳು ಬಗ್ಗಿ ನನ್ನ ಬಲ್ಬನ್ನೇ ನೋಡುತ್ತಿದ್ದಾಳೆ. ಹೊತ್ತಿಕೋ, ಇದೊಂದು ಸಲ ಹೊತ್ತಿಕೋ ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೇನೆ.