ಹಿಡಿಗೆ ಸಿಗದಷ್ಟು

ಕೊಡಲಿಯ ಹಿಡಿ ಎಷ್ಟುದ್ದ ಇರಬೇಕು ಎಂದು ಕೇಳಿದರೆ ನಾನು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಗುದ್ದಲಿಗೆ ಒಂದಳತೆ, ಕುಡುಗೋಲಿಗೆ ಇನ್ನೊಂದು. ಮೂವತ್ತು ವರ್ಷದಿಂದ ಸುತ್ತಲಿನ ಮನೆಗಳಿಗೆಲ್ಲ ಹಿಡಿ ಹಾಕಿಕೊಡುವವಳು ನಾನೇ. ಜೊತೆಗೆ ಎರಡು ಹಸು, ಒಂಬತ್ತು ಆಡು, ಒಂದು ನಾಯಿ, ಹಿತ್ತಿಲಲ್ಲಿ ಒಂದಿಷ್ಟು ತರಕಾರಿ. ಇಂಥ ನನಗೆ ತಲೆಗೂದಲು ಎಷ್ಟುದ್ದ ಇರಬೇಕು ಎಂದು, ನಾನೇ ಎತ್ತಿ ಆಡಿಸಿದ ತಂಗಿ ಹೇಳಿಕೊಡಬೇಕಾಯಿತು.

ಅವಳು ಬಂದದ್ದು ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ, ಬರಿಗಾಲಲ್ಲಿ. ತಲೆಯ ಮೇಲಿನ ಬಟ್ಟೆ ತೆಗೆದಾಗ ಕಿವಿಯ ಹಿಂದೆ ಬಾಟಲಿ ಮುಚ್ಚಳದಷ್ಟು ಜಾಗದಲ್ಲಿ ಕೂದಲು ಚರ್ಮದ ಸಮೇತ ಕಿತ್ತುಬಂದದ್ದು ಕಂಡಿತು. ಅವಳ ಗಂಡ ಮರ ಕೊಯ್ಯುವ ಮಿಲ್ಲಿನಲ್ಲಿ ಮೇಸ್ತ್ರಿ. ಚಹಾ ಆರಿತ್ತಂತೆ. ಅದಕ್ಕೆ ಜಡೆ ಹಿಡಿದು ಅಡುಗೆಮನೆಯಿಂದ ಅಂಗಳದವರೆಗೆ ಎಳೆದನಂತೆ.

"ಈ ಸಲ ವಾಪಸ್ ಹೋದ್ರೆ ನನ್ನ ಹೆಣವೇ ಆಚೆ ಬರೋದು ಅಕ್ಕ," ಎಂದಳು. ಗಾಯ ನೋಡಿದ್ದೆನಲ್ಲ, ನಂಬಿದೆ.

ಸುಮ್ಮನೆ ಕೂರುವ ಜಾತಿಯಲ್ಲ ಅವಳು. ಮರುದಿನವೇ ಕೆಲಸಕ್ಕೆ ಇಳಿದಳು, ಜಡೆಯೂ ಇಳಿಯಿತು. ಹಾಲು ಕರೆಯಲು ಕೂತರೆ ಅದರ ತುದಿ ಸಗಣಿಯಲ್ಲಿ, ಎದ್ದರೆ ಆಡಿನ ಬಾಯಲ್ಲಿ. ಮೂರನೆಯ ದಿನ ಮೇವು ಕತ್ತರಿಸುವ ಯಂತ್ರಕ್ಕೆ ಜೋಳದ ದಂಟು ತಳ್ಳಲು ಬಗ್ಗಿದಾಗ ಜಡೆ ಭುಜದಿಂದ ಜಾರಿ ದಂಟಿನ ಜೊತೆ ಒಳಗೆ ಹೊರಟಿತು. ಓಡಿಬಂದು ಸ್ವಿಚ್ಚು ಆರಿಸಿದೆ. ಕೂದಲೆಳೆಯಲ್ಲಿ ಪಾರು ಎನ್ನುತ್ತಾರಲ್ಲ, ಅವಳು ಕೂದಲೆಳೆಯಲ್ಲೇ ಸಿಕ್ಕಿ ಪಾರಾದಳು.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹೆದರಿಕೆಗೆ ಅವಳ ಕೆನ್ನೆಗೆ ರಪ್ಪನೆ ಬಾರಿಸಿಬಿಟ್ಟೆ. ಅವಳು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಜಡೆಯ ಬುಡವನ್ನು ಮುಚ್ಚಿಕೊಂಡು ಕುಕ್ಕರಿಸಿದಳು. ನನಗೆ ಸತ್ತುಹೋಗುವಷ್ಟು ನಾಚಿಕೆಯಾಯಿತು.

"ಕತ್ತರಿಸಿಬಿಡು ಅಕ್ಕ," ಎಂದಳು ಆಮೇಲೆ.

"ಭುಜದ ತನಕ ಬಿಡ್ತೀನಿ."

"ಅದಂತೂ ಬೇಡವೇ ಬೇಡ. ಕಟ್ಟೋಕೆ ಬರಲ್ಲ, ಬಗ್ಗಿದಾಗೆಲ್ಲ ಕಣ್ಣಿಗೆ ಬೀಳತ್ತೆ."

"ಹಾಗಾದ್ರೆ ನನ್ನ ಥರ ಗಂಟು ಹಾಕ್ಕೊ. ಮೂವತ್ತು ವರ್ಷದಿಂದ ಇದೇ ಗಂಟಲ್ಲಿ ಸೌದೆ ಒಡೀತಿದೀನಿ. ಏನಾಗಿದೆ ನನಗೆ?"

ಅವಳು ಹಿಂದಿನಿಂದ ನನ್ನ ಗಂಟಿಗೆ ಕೈ ಹಾಕಿ, ಬಾಗಿಲು ಎಳೆದು ನೋಡುವ ಹಾಗೆ ಮೆಲ್ಲಗೆ ಅಲ್ಲಾಡಿಸಿದಳು. "ಇದು ಗಂಟಲ್ಲ ಅಕ್ಕ, ಹಿಡಿ. ಹಿಡಿಯೋನ ಕೈಗೆ ಸರಿಯಾಗಿ ಕೂರೋ ಹಾಗೆ ನೀನೇ ಮಾಡಿಟ್ಟಿದೀಯ."

ನಕ್ಕುಬಿಟ್ಟೆ. ಐವತ್ತೆರಡು ವರ್ಷದ ನನ್ನಲ್ಲಿ ಜನ ಹೊಗಳುವಂಥದ್ದು ಆ ಗಂಟೊಂದೇ. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಆಡಿನ ಕೂದಲು ಕತ್ತರಿಸುವ ದೊಡ್ಡ ಕತ್ತರಿ ತಂದೆ. ನಾನು ಒಂದು ಸುತ್ತು ಕತ್ತರಿಸುವುದು, ಅವಳು ತನ್ನ ತಲೆಯನ್ನು ತಾನೇ ಮುಷ್ಟಿ ಕಟ್ಟಿ ಎಳೆದು ನೋಡುವುದು. "ಇನ್ನೂ ಸಿಗ್ತಿದೆ." ಮತ್ತೆ ಕತ್ತರಿಸಿದೆ. "ಇನ್ನೂ ಸಿಗ್ತಿದೆ." ಎರಡು ಬೆರಳಿಗೂ ಸಿಗದಷ್ಟಾದ ಮೇಲೆ ಬಿಟ್ಟಳು.

"ಪುಕ್ಕ ಕಿತ್ತ ಕೋಳಿ ಥರ ಕಾಣ್ತೀಯ," ಎಂದೆ. ಬಂದಮೇಲೆ ಮೊದಲ ಸಲ ನಕ್ಕಳು.

ಅವಳ ಗಂಡ ಬಂದದ್ದು ಮರುದಿನ ಮಧ್ಯಾಹ್ನ. ಯಂತ್ರ ಓಡುತ್ತಿತ್ತು, ಆ ಸದ್ದಿಗೆ ಗೇಟು ಮುರಿದದ್ದು ಕೇಳಲಿಲ್ಲ. ನಾಯಿ ಅಡ್ಡ ಬಂತು. ಬೂಟುಗಾಲಲ್ಲಿ ಪಕ್ಕೆಗೆ ಎರಡು ಒದೆ ಕೊಟ್ಟ, ಅದು ಮತ್ತೆ ಏಳಲಿಲ್ಲ. ನೇರ ತಂಗಿಯ ಹತ್ತಿರ ಹೋಗಿ, ಮುಖ ಕೂಡ ನೋಡದೆ ಅವಳ ಕತ್ತಿನ ಹಿಂದೆ ಕೈ ಹಾಕಿ ಎಳೆದ. ರೂಢಿಯಾಗಿಬಿಟ್ಟಿತ್ತು ಆ ಕೈಗೆ. ಮುಷ್ಟಿಯಲ್ಲಿ ಏನೂ ಬರಲಿಲ್ಲ. ಅವನು ಖಾಲಿ ಕೈಯನ್ನೇ ನೋಡುತ್ತ ನಿಂತಾಗ ಅವಳು ಸೌದೆ ರಾಶಿಯ ಹಿಂದೆ ನುಸುಳಿದಳು.

ಆಗ ನನ್ನ ಕಡೆ ತಿರುಗಿದ. ಗಂಟು ಅವನ ಕೈಗೆ ಹೇಳಿ ಮಾಡಿಸಿದ ಹಾಗೆ ಕೂತಿತು.

"ಅವಳ ತಲೆ ಕೆಡಿಸಿದ್ದು ನೀವೇ ಅಲ್ವಾ ಅತ್ತಿಗೆ?" ಎನ್ನುತ್ತ ನನ್ನನ್ನು ಯಂತ್ರದ ಕಡೆಗೆ ದರದರ ಎಳೆದ. "ಬಾರೇ ಆಚೆ! ಇಲ್ದಿದ್ರೆ ನಿನ್ನ ಅಕ್ಕನ ತಲೆ ಮೇವಿನ ಜೊತೆ ಹೋಗತ್ತೆ!"

ಸೌದೆ ಒಡೆದು ಗಟ್ಟಿಯಾದ ತೋಳು ನನ್ನದು. ಪರಚಿದೆ, ಕಚ್ಚಿದೆ, ಮಂಡಿಗೆ ಒದ್ದೆ. ಏನೂ ಉಪಯೋಗವಾಗಲಿಲ್ಲ. ತಲೆ ಎತ್ತ ಹೋಗುತ್ತದೋ ಮೈ ಅತ್ತಲೇ ಹೋಗುತ್ತದೆ. ನೆತ್ತಿಯ ಚರ್ಮ ಹರಿದು ರಕ್ತ ಕಣ್ಣಿಗಿಳಿಯಿತು. ತಿರುಗುವ ಅಲಗಿನ ಗಾಳಿ ಕೆನ್ನೆಗೆ ತಾಗಿತು. "ಬರಬೇಡ ಕಣೇ!" ಎಂದು ಕಿರುಚಿದೆ. ಬರಲಿ, ಬೇಗ ಬರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಸುಳ್ಳು ಯಾಕೆ ಹೇಳಲಿ?

ಬಂದಳು. "ಬರ್ತೀನಿ ರೀ, ಅಕ್ಕನ್ನ ಬಿಡಿ," ಎಂದಳು ಬೆಕ್ಕಿನ ದನಿಯಲ್ಲಿ. ಕೈ ಎರಡೂ ಬೆನ್ನ ಹಿಂದೆ. ಅವನು ನಕ್ಕ. ನಗು ಮುಗಿಯುವ ಮೊದಲೇ ಆಡಿನ ಕತ್ತರಿ ನನ್ನ ತಲೆಗೂ ಅವನ ಮುಷ್ಟಿಗೂ ನಡುವೆ ಎರಡು ಸಲ ಕಚ್ಚಿತು. ಯಂತ್ರದ ಪಕ್ಕ ನಿಂತು ಮೈಭಾರ ಬಿಟ್ಟು ಎಳೆಯುತ್ತಿದ್ದವನು ಗಂಟಿನ ಸಮೇತ ಹಿಂದಕ್ಕೆ ಹಾರಿ, ಸೌದೆ ಒಡೆಯುವ ದಿಮ್ಮಿಯ ಪಕ್ಕ ಅಂಗಾತ ಬಿದ್ದ. ನಾನು ಯಂತ್ರ ಆರಿಸಿದೆ.

ಅಷ್ಟರಲ್ಲಿ ಅವಳ ಕೈಗೆ ನಾನು ಬೆಳಿಗ್ಗೆ ಕೆತ್ತಿಟ್ಟಿದ್ದ ಕೊಡಲಿ ಹಿಡಿ ಸಿಕ್ಕಿತ್ತು, ಇನ್ನೂ ಕೊಡಲಿ ಸಿಕ್ಕಿಸದ್ದು. ಮೊದಲ ಏಟು ಗಂಟು ಹಿಡಿದ ಕೈಯ ಮಣಿಕಟ್ಟಿಗೆ ಬಿತ್ತು. ಎಲುಬು ಲಟಕ್ಕೆಂದಿತು. ಎರಡನೆಯದೂ ಅಲ್ಲಿಗೇ. ಅವನು ಊಳಿಟ್ಟ. ಮೂರನೆಯದಕ್ಕೆ ತಲೆಯ ಮೇಲೆ ಗುರಿಯಿಟ್ಟು ಎರಡೂ ಕೈಯಲ್ಲಿ ಎತ್ತಿದಳು. ಕೊಲ್ಲುತ್ತಾಳೆ, ಜೈಲು ಸೇರುತ್ತಾಳೆ ಎಂದು ಅವಳನ್ನು ಹಿಂದಿನಿಂದ ಹಿಡಿಯಲು ಹೋದೆ.

ನನ್ನ ಕೈಯೂ ತಲೆಗೇ ಹೋಯಿತು. ಚಿಕ್ಕಂದಿನಲ್ಲಿ ರಸ್ತೆಗೆ ಓಡಿದರೆ ನಾನು ಅವಳ ಜಡೆ ಹಿಡಿದೇ ಎಳೆದು ತರುತ್ತಿದ್ದೆ. ಈಗ ಬೆರಳು ಬರಿ ನೆತ್ತಿಯ ಮೇಲೆ ಜಾರಿತು. ಅವಳು ತಿರುಗಿ ನನ್ನನ್ನು ನೋಡಿದಳು, ನನ್ನ ಕೈಯನ್ನೂ ನೋಡಿದಳು. ಹಿಡಿ ಅವನ ಕಿವಿಯ ಪಕ್ಕದ ದಿಮ್ಮಿಗೆ ಬಡಿದು ಸೀಳಿತು. ಅಲ್ಲಿಗೆ ನಿಲ್ಲಿಸಿದವಳು ಅವಳೇ, ನಾನಲ್ಲ.

ನೆರೆಯವರು ಸೇರಿದರು. ಅವನನ್ನು ಪೊಲೀಸ್ ಜೀಪಿಗೆ ಹತ್ತಿಸುವಾಗ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡಿದ್ದ. ನಾವಿಬ್ಬರೂ ಹಿತ್ತಿಲಲ್ಲಿ ಗುಂಡಿ ತೋಡಿ ನಾಯಿಯನ್ನು ಮಣ್ಣು ಮಾಡಿದೆವು. ಆಮೇಲೆ ನಾನು ದಿಮ್ಮಿಯ ಮೇಲೆ ಕೂತೆ. ಅವಳು ನನ್ನ ನೆತ್ತಿಯ ಗಾಯ ತೊಳೆದು, ಅಡ್ಡಾದಿಡ್ಡಿಯಾಗಿ ಉಳಿದಿದ್ದ ಕೂದಲನ್ನು ಸರಿಮಾಡಲು ಕತ್ತರಿ ಎತ್ತಿಕೊಂಡಳು.

"ಚಿಕ್ಕೋಳಿದ್ದಾಗ ನಿನ್ನ ಜಡೆ ಎಳೀತಿದ್ದೆ ಅಲ್ವಾ?" ಎಂದೆ.

"ಹೂಂ."

"ನೋಯ್ತಿತ್ತಾ?"

ಅವಳು ನನ್ನ ತಲೆಯನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಿದಳು. "ಎಷ್ಟು ಬಿಡ್ಲಿ ಅಕ್ಕ?" ಎಂದು ಕೇಳಿದಳು.

ನಾನು ತಲೆಗೆ ಕೈ ಹಾಕಿ ಮುಷ್ಟಿ ಕಟ್ಟಿ ನೋಡಿದೆ. "ಇನ್ನೂ ಸಿಗ್ತಿದೆ," ಎಂದೆ.