ಹಪ್ಪಳದ ರೀಲು

ಪತ್ರಿಕೆಯಲ್ಲಿ ಹದಿಮೂರು ವರ್ಷ ಮರ್ಯಾದೆಯಿಂದ ವರದಿ ಬರೆದುಕೊಂಡಿದ್ದ ಏಕಾಂತಯ್ಯ ನಲವತ್ತನೆಯ ವಯಸ್ಸಿನಲ್ಲಿ ಇರಲಾರದೆ ಇರುವೆ ಬಿಟ್ಟುಕೊಂಡ. ೧೯೫೩ರ ಸಂಕ್ರಾಂತಿ ಕಳೆದದ್ದೇ ತಡ, ಕೆಲಸ ಬಿಟ್ಟು ರಾಮಸ್ವಾಮಿ ಎಂಬವರ ಡಾಕ್ಯುಮೆಂಟರಿ ಕಂಪನಿ ಸೇರಿದ. ಚಾಮರಾಜಪೇಟೆಯಲ್ಲಿ ಸಿಕ್ಕಿದವರೆಲ್ಲ, “ಸಿನಿಮಾನಾ? ಹಾಡು ಇರುತ್ತಾ?” ಎಂದು ಕೇಳುವರು. ಇಲ್ಲವೆಂದರೆ ಪಾಪ ಎನ್ನುವರು. ಹೆಂಡತಿ ರುದ್ರಾಣಿ ಮಾತ್ರ ಹಾಗನ್ನಲಿಲ್ಲ. ಅವನು ಮನೆಯಲ್ಲಿ ಕ್ಯಾಮೆರಾ ಒರೆಸುವಾಗಲೆಲ್ಲ ಪಕ್ಕದಲ್ಲಿ ಕೂತು, ಇದೇನು ಅದೇನು ಎಂದು ವಿಚಾರಿಸುತ್ತಿದ್ದಳು. ಗಡಿಯಾರಕ್ಕೆ ಕೊಟ್ಟ ಹಾಗೆ ಅದಕ್ಕೂ ಕೀಲಿ ಕೊಡಬೇಕು, ಒಮ್ಮೆ ಕೊಟ್ಟರೆ ಅರ್ಧ ನಿಮಿಷ ಓಡುತ್ತದೆ.

ಮೊದಲ ಕೆಲಸ ಮಹಿಳಾ ಸಮಾಜದ ಹಪ್ಪಳದ ಚಿತ್ರ. ಸಮಾಜದ ಯಜಮಾನಿ ದಾಕ್ಷಾಯಣಮ್ಮನವರಿಗೆ ಅರವತ್ತು ದಾಟಿತ್ತು. ಹಪ್ಪಳದ ವಿಷಯದಲ್ಲಿ ಇಡೀ ಪೇಟೆಗೆ ಅವರ ಮಾತೇ ಕೊನೆ. ಏಕಾಂತಯ್ಯ ತಪ್ಪು ಮಾಡಿದ್ದು ಒಂದೇ, ಹಿಂದಿನ ದಿನವೇ ಹೋಗಿ ತಿಳಿಸಿದ. ಮರುದಿನ ಮಹಡಿಯ ಮೇಲೆ ಹನ್ನೊಂದು ಹೆಂಗಸರೂ ಮದುವೆಯ ರೇಷ್ಮೆ ಸೀರೆ ಉಟ್ಟು, ತಲೆತುಂಬ ಮಲ್ಲಿಗೆ ಮುಡಿದು, ಮಣೆಗಳ ಮುಂದೆ ಸಾಲಾಗಿ ಕೂತಿದ್ದರು. ಫೋಟೋ ಸ್ಟುಡಿಯೋದವನು ಕಲಿಸಿದ ಪಾಠ ಅವರಿಗೆ ಬಾಯಿಪಾಠವಾಗಿತ್ತು: ಕ್ಯಾಮೆರಾ ಮುಂದೆ ಅಲ್ಲಾಡಬಾರದು. “ಲಟ್ಟಿಸಿ ತಾಯಿ” ಎಂದು ಏಕಾಂತಯ್ಯ ಬೇಡಿಕೊಂಡ. ಅವರು ಲಟ್ಟಣಿಗೆಯ ಮೇಲೆ ಕೈಯಿಟ್ಟರು, ಉಸಿರು ಬಿಗಿಹಿಡಿದರು, ಅಷ್ಟೇ.

ಮದರಾಸಿನಲ್ಲಿ ತೊಳೆದು ಬಂದ ರೀಲನ್ನು ರಾಮಸ್ವಾಮಿ ಗೋಡೆಯ ಮೇಲೆ ಬಿಟ್ಟು ನೋಡಿದರು. ಹನ್ನೊಂದು ಗೊಂಬೆಗಳು. ಹಿಂದೆ ಒಂದು ಕಾಗೆ ಬಂದು ಕೂತು, ಒಣಹಾಕಿದ ಹಪ್ಪಳವನ್ನು ನಿಧಾನವಾಗಿ ತಿಂದು ಮುಗಿಸಿತು. ಯಾರೂ ತಿರುಗಿಯೂ ನೋಡಿರಲಿಲ್ಲ.

“ಕಾಗೆ ಚೆನ್ನಾಗಿ ಮಾಡಿದೆ” ಎಂದರು ರಾಮಸ್ವಾಮಿ. ಆಮೇಲೆ ದನಿ ತಗ್ಗಿಸಿ, “ಬೇಜಾರು ಮಾಡ್ಕೋಬೇಡಿ. ಇನ್ನೊಂದೇ ರೀಲು ಕೊಡ್ತೀನಿ. ಇದೂ ಹೀಗೇ ಆದ್ರೆ ಕ್ಯಾಮೆರಾ ಬೇರೆಯವರಿಗೆ ಕೊಡ್ಬೇಕಾಗುತ್ತೆ. ನೀವು ವ್ಯಾಖ್ಯಾನ ಬರ್ಕೊಂಡು ಇದ್ಬಿಡಿ, ಬರೆಯೋಕೆ ನಿಮಗೆ ಬರುತ್ತೆ” ಎಂದರು.

ಬರೆದುಕೊಂಡು ಇರಬೇಕು. ಪತ್ರಿಕೆಯ ಮೇಜು ಬಿಟ್ಟು ಬಂದದ್ದೇ ಕಣ್ಣಿಂದ ಕೆಲಸ ಮಾಡಬೇಕೆಂದು. ಏಕಾಂತಯ್ಯನಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ವರದಿಗಾರನ ಹಳೆಯ ಉಪಾಯವೊಂದು ನೆನಪಾಯಿತು. ಬಾಯಿ ಬಿಡದವರನ್ನು ಪ್ರಶ್ನೆ ಕೇಳಬಾರದು, ಅವರೆದುರು ತಪ್ಪು ಹೇಳಬೇಕು. ತಿದ್ದುವ ಆಸೆಯನ್ನು ಗೆದ್ದವರನ್ನು ಅವನು ಇನ್ನೂ ಕಂಡಿರಲಿಲ್ಲ.

ಈ ಸಲ ಹೇಳದೆ ಹೋದ, ರುದ್ರಾಣಿಯನ್ನೂ ಕರೆದುಕೊಂಡು. ಹೆಂಗಸರು ನಿತ್ಯದ ನೂಲಿನ ಸೀರೆಯಲ್ಲಿದ್ದರು. ಕ್ಯಾಮೆರಾ ಕಂಡದ್ದೇ ಮತ್ತೆ ಕಲ್ಲಾದರು. ಏಕಾಂತಯ್ಯ ಅದನ್ನು ತನ್ನ ಕಡೆ ತಿರುಗಿಸಿ ನಿಲ್ಲಿಸಿ, ಕೀಲಿ ಕೊಟ್ಟು, “ನಾನು ಕೂತ ಮೇಲೆ ಈ ಬಟನ್ ಒತ್ತು” ಎಂದು ಹೆಂಡತಿಗೆ ಹೇಳಿ, ದಾಕ್ಷಾಯಣಮ್ಮನವರ ಪಕ್ಕದ ಮಣೆ ಎಳೆದುಕೊಂಡು ಕೂತ. ಉದ್ದಿನ ಹಿಟ್ಟಿನ ಉಂಡೆಯ ಮೇಲೆ ಒಂದು ಹಿಡಿ ಒಣಹಿಟ್ಟು ಸುರಿದು ಲಟ್ಟಣಿಗೆಯಿಂದ ನಡುವಿನಲ್ಲೇ ಒತ್ತತೊಡಗಿದ.

ದಾಕ್ಷಾಯಣಮ್ಮ ಒಂದು ಕ್ಷಣ ತಡೆದುಕೊಂಡರು. ಎರಡನೆಯ ಕ್ಷಣಕ್ಕೆ ಆಗಲಿಲ್ಲ.

“ಅಷ್ಟೊಂದು ಒಣಹಿಟ್ಟು ಹಾಕ್ತಾರೇನ್ರೀ? ಕರಿಯೋ ಎಣ್ಣೆಯೆಲ್ಲ ಕಪ್ಪಾಗುತ್ತೆ.”

“ನಮ್ಮ ಕಡೆ ಹೀಗೇ ಮಾಡೋದಮ್ಮ.”

“ಯಾವ ಕಡೆ ಅದು? ಅಂಚು ನೋಡಿ, ರೊಟ್ಟಿ ಇದ್ದಂಗಿದೆ. ಕೊಡಿ ಇಲ್ಲಿ.”

ಲಟ್ಟಣಿಗೆ ಕಿತ್ತುಕೊಂಡರು. ಸೆರಗು ಸಿಕ್ಕಿಸಿ, ಎಣ್ಣೆ ಮುಟ್ಟಿಸಿ ಲಟ್ಟಿಸಿದರು. ಇನ್ನೊಬ್ಬರು “ಹಂಗಲ್ಲ, ಹಿಟ್ಟು ಇನ್ನೂ ಕುಟ್ಬೇಕಿತ್ತು” ಎಂದರು. ಮತ್ತೊಬ್ಬರು ಅವರನ್ನು ತಿದ್ದಿದರು. ಹನ್ನೊಂದು ಮಣೆಗಳೂ ಕೆಲಸಕ್ಕೆ ಬಿದ್ದವು. ಏಕಾಂತಯ್ಯ ಒಬ್ಬೊಬ್ಬರೆದುರೂ ಹೊಸ ತಪ್ಪು ಮಾಡುತ್ತ, ಬೈಸಿಕೊಳ್ಳುತ್ತ, ಕ್ಯಾಮೆರಾವನ್ನೇ ಮರೆತ. ನೆನಪಾದಾಗ ರೀಲು ಮುಗಿದಿತ್ತು. ಅರ್ಧ ನಿಮಿಷಕ್ಕೊಮ್ಮೆ ಕೀಲಿ ಕೊಟ್ಟವಳು ರುದ್ರಾಣಿ.

ತೊಳೆದು ಬಂದ ರೀಲನ್ನು ಸಮಾಜದ ಹಜಾರದಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದರು. ಏಕಾಂತಯ್ಯ ಹತ್ತು ಪುಟದ ವ್ಯಾಖ್ಯಾನ ಹಿಡಿದು ಪಕ್ಕದಲ್ಲಿ ನಿಂತಿದ್ದ. ಮೊದಲು ಅವನ ಹಿಟ್ಟು ಮೆತ್ತಿದ ಮುಖ ಕಂಡು ಎಲ್ಲರೂ ನಕ್ಕರು. ಅಷ್ಟರಲ್ಲಿ ಚಿತ್ರ ಅವನ ಮುಖ ಬಿಟ್ಟು ಮೆಲ್ಲನೆ ಪಕ್ಕಕ್ಕೆ ಸರಿಯಿತು. ಮುಂದಿನ ತುಣುಕಿನಲ್ಲಿ ದಾಕ್ಷಾಯಣಮ್ಮನವರ ಎರಡು ಕೈಗಳು ಮಾತ್ರ ಪಂಚೆಯ ತುಂಬ ಕಂಡವು. ಉಂಡೆ ಅಗಲವಾಗುತ್ತ, ತೆಳ್ಳಗಾಗುತ್ತ, ಕೊನೆಗೆ ಬೆರಳುಗಳ ನೆರಳು ಹಪ್ಪಳದ ಮೂಲಕ ಕಂಡಿತು. ನಗು ನಿಂತಿತು. ಏಕಾಂತಯ್ಯ ಹತ್ತು ಪುಟವನ್ನೂ ಮಡಚಿ ಜೇಬಿಗಿಟ್ಟ.

“ಐವತ್ತು ವರ್ಷದಿಂದ ಲಟ್ಟಿಸ್ತಿದೀನಿ” ಎಂದರು ದಾಕ್ಷಾಯಣಮ್ಮ, ಯಾರಿಗೆಂದಿಲ್ಲದೆ. “ನನ್ನ ಕೈ ನಾನು ನೋಡಿದ್ದು ಇವತ್ತೇ.”

ದೀಪ ಹಾಕಿದಾಗ ರಾಮಸ್ವಾಮಿ ಅವನ ಕೈ ಹಿಡಿದುಕೊಂಡರು. “ಕ್ಯಾಮೆರಾ ನಿಮ್ಮ ಹತ್ರಾನೇ ಇರ್ಲಿ ಏಕಾಂತಯ್ಯನೋರೆ. ನಿಮ್ಮ ಮುಖ ಬಿಟ್ಟು ಆ ಕೈ ಹತ್ರ ಹೋಗೋಕೆ ಬಟನ್ ಒತ್ತಿದವರಿಗೆ ಹೇಳಿದ್ರಲ್ಲ, ಅದು ಕಲಿಸಿದ್ರೆ ಬರೋದಲ್ಲ.”

ಹೌದೆಂದು ಸುಮ್ಮನಿದ್ದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಬೇಕಾದದ್ದು ಕೈಗೆ ಬಂದಿತ್ತು. ಏಕಾಂತಯ್ಯನಿಗೆ ಆಸೆಯೂ ಆಯಿತು, ಸುಳ್ಳೇಕೆ. ಆದರೆ ಹದಿಮೂರು ವರ್ಷ ಸುದ್ದಿ ಬರೆದವನ ನಾಲಿಗೆ ಸುಳ್ಳಿಗೆ ಅಷ್ಟು ಸುಲಭಕ್ಕೆ ತಿರುಗುವುದಿಲ್ಲ.

“ನಾನೇನೂ ಹೇಳ್ಲಿಲ್ಲ ಸಾರ್. ನಾನು ಹಿಟ್ಟಲ್ಲಿ ಕೈ ಇಟ್ಕೊಂಡು ಕೂತಿದ್ದೆ. ಹೋದವಳು ಅಲ್ಲಿದಾಳೆ” ಎಂದು ಹೆಂಗಸರ ಸಾಲಿನ ಕಡೆ ತೋರಿಸಿದ.

ರುದ್ರಾಣಿ ತಲೆ ತಗ್ಗಿಸಿದಳು. ತಪ್ಪಾಯಿತೇನೋ ಎಂದುಕೊಂಡಿರಬೇಕು. “ನಿಮ್ಮ ಮುಖ ದಿನಾ ನೋಡ್ತೀನಲ್ಲ” ಎಂದಳು ಮೆಲ್ಲಗೆ, “ಅದಕ್ಕೇ.”

ರಾಮಸ್ವಾಮಿ ಇಬ್ಬರನ್ನೂ ಒಮ್ಮೆ ನೋಡಿದರು. “ಸೋಮವಾರ ಊದುಬತ್ತಿ ಚಿತ್ರ” ಎಂದರು, “ಇಬ್ರೂ ಬಂದ್ಬಿಡಿ.”